ಅವರವರ ಎಂಜಲು ಅವರವರಿಗೆ

ಎಂಜಲು ಎಂದರೆ ನಮ್ಮ ಕಡೆ ಜನ ಮೂಗು ಮುರಿಯುತ್ತಾರೆ. ನಾನು ಅದೇ ಎಂಜಲನ್ನು ನಂಬಿ ಸಂಬಳ ತಿಂದವಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಊರುಗಳಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದೆ. ನನ್ನ ಜಾಗಕ್ಕೆ ಈಗ ಬಂದಿರುವ ಹುಡುಗಿ, ಹುಡುಗಿ ಅಂದರೆ ಉಪನ್ಯಾಸಕಿಯೇ, ಮೊನ್ನೆ ಮನೆಗೆ ಬಂದಿದ್ದಳು. "ಮೇಡಂ, ಕಿಣ್ವದ ಪಾಠ ನಾನು ವಿಡಿಯೋ ತೋರ್ಸಿ ಮುಗಿಸ್ತೇನೆ. ಪ್ರಯೋಗ ಮಾಡಿದ್ರೆ ಒಂದ್ಸಲ ಬರ್ತದೆ, ಒಂದ್ಸಲ ಬರೋದಿಲ್ಲ. ವಿಡಿಯೋದಲ್ಲಿ ಯಾವಾಗ್ಲೂ ಬರ್ತದೆ" ಅಂದಳು. ಅವಳಿಗೆ ಕಾಫಿ ಕೊಟ್ಟು ಕಳಿಸಿದೆ, ಬೈಯಲಿಲ್ಲ. ಬೈಯಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಪುರುಸೊತ್ತು ಮಾಡಿಕೊಂಡು ಓದಲಿ.

ಪ್ರಯೋಗ ಇಷ್ಟೇ. ಗಂಜಿ ತಿಳಿಯಂಥ ಪಿಷ್ಟದ ನೀರಿಗೆ ಒಂದು ಹನಿ ಅಯೋಡಿನ್ ಬಿದ್ದರೆ ಕಡುನೀಲಿ ಬಣ್ಣ ಬರುತ್ತದೆ. ಅದೇ ಗಂಜಿಗೆ ಸ್ವಲ್ಪ ಜೊಲ್ಲು ಸೇರಿಸಿ ಮೈಬಿಸಿಯಷ್ಟು ಬೆಚ್ಚಗಿಟ್ಟರೆ ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತ ಹೋಗುತ್ತದೆ. ಆಗಾಗ ಒಂದೊಂದು ಹನಿ ತೆಗೆದು, ಬಿಳಿ ಟೈಲಿನ ಮೇಲಿಟ್ಟ ಅಯೋಡಿನ್‌ಗೆ ಸೇರಿಸಿ ನೋಡಬೇಕು. ಮೊದಲು ನೀಲಿ, ಆಮೇಲೆ ನೇರಳೆ, ಆಮೇಲೆ ಕಂದು, ಕೊನೆಗೆ ಅಯೋಡಿನ್ನಿನದ್ದೇ ತಿಳಿ ಹಳದಿ. ನೀಲಿ ಹೋಯಿತೆಂದರೆ ಪಿಷ್ಟ ಮುಗಿಯಿತು ಎಂದರ್ಥ. ಆ ಗಂಜಿಯನ್ನು ಹಾಗೇ ಬಿಟ್ಟು, ಅದು ತಾನಾಗಿ ಸಕ್ಕರೆ ಆಗಲಿ ಎಂದು ಕಾಯುತ್ತ ಕೂತರೆ ನಮ್ಮ ಆಯುಷ್ಯ ಸಾಲದು. ಜೊಲ್ಲು ಅದನ್ನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಪಠ್ಯಪುಸ್ತಕ ಇದಕ್ಕೆ ಲಾಲಾರಸ ಎಂದು ಮರ್ಯಾದೆಯ ಹೆಸರಿಟ್ಟಿದೆ. ಹೆಸರು ಏನಿಟ್ಟರೂ ಉಗಿಯಬೇಕಾದವರು ನಾವೇ.

ಕೊಪ್ಪದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಲ್ಯಾಬಿನ ಸ್ಟವ್ ಕೆಟ್ಟಿತ್ತು. ಎದುರಿನ ಹೋಟೆಲಿನಿಂದ ಬಿಸಿನೀರು ತರಿಸಿ, ಬೇಗ ಆಗಲಿ ಎಂಬ ಆಸೆಗೆ ಕುದಿಯುತ್ತಿದ್ದದ್ದನ್ನು ಹಾಗೇ ಪಾತ್ರೆಗೆ ಸುರಿದು ಮಕ್ಕಳ ಟ್ಯೂಬುಗಳನ್ನು ಅದರಲ್ಲಿ ನಿಲ್ಲಿಸಿದೆ. ಬಿಸಿ ಹೆಚ್ಚಿದಷ್ಟೂ ಕೆಲಸ ಬೇಗ ಎನ್ನುವುದು ಬಚ್ಚಲೊಲೆಯ ಲೆಕ್ಕ. ಕಿಣ್ವಕ್ಕೆ ಅದು ಮೈಬಿಸಿಯವರೆಗೆ ಮಾತ್ರ ನಿಜ. ಕಿಣ್ವ ಎಂದರೆ ಪ್ರೋಟೀನು, ಒಂದು ಆಕಾರದಲ್ಲಿ ಮಡಚಿಕೊಂಡು ಕೂತಿರುತ್ತದೆ. ಆ ಮಡಿಕೆ ಇರುವವರೆಗೆ ಮಾತ್ರ ಅದಕ್ಕೆ ಕೆಲಸ ಗೊತ್ತು. ಕುದಿನೀರಿನಲ್ಲಿ ಮಡಿಕೆ ಬಿಚ್ಚಿಹೋದರೆ ಮುಗಿಯಿತು. ಬೇಯಿಸಿದ ಮೊಟ್ಟೆಯನ್ನು ತಣ್ಣಗೆ ಮಾಡಿದರೆ ಅದು ಮತ್ತೆ ಹಸಿ ಮೊಟ್ಟೆ ಆಗುವುದುಂಟೇ? ಆ ದಿನ ಗಂಟೆ ಹೊಡೆದರೂ ಯಾರ ನೀಲಿಯೂ ಹೋಗಲಿಲ್ಲ.

ನಮ್ಮ ವಿಭಾಗದ ಹಿರಿಯರು ಶ್ರೀಧರ ಸರ್. ಬಾಗಿಲಲ್ಲಿ ನಿಂತು ನೋಡಿ ನಕ್ಕರು.

"ಬರ್ಲಿಲ್ವಾ? ಬಿಡು ಮಾರಾಯ್ತಿ. ನೀಲಿ ಮಾಯವಾಯಿತು ಅಂತ ಬರೀಲಿಕ್ಕೆ ಹೇಳು ಮಕ್ಕಳಿಗೆ."

"ಕಣ್ಣೆದುರಿಗೆ ನೀಲಿ ಇದೆಯಲ್ಲ ಸರ್."

"ಪುಸ್ತಕದಲ್ಲಿ ಹೋಗಿದೆಯಲ್ಲ, ಸಾಕು. ಕಣ್ಣಿಗೆ ಯಾರೂ ಮಾರ್ಕ್ಸ್ ಕೊಡೋದಿಲ್ಲ, ಪುಸ್ತಕಕ್ಕೆ ಕೊಡ್ತಾರೆ."

ಅವರು ಕೆಟ್ಟವರಲ್ಲ. ಒಡೆದ ಗಾಜಿನ ಕೊಳವೆಯನ್ನು ದೀಪದ ಮೇಲೆ ಕಾಯಿಸಿ ಬಗ್ಗಿಸುವುದನ್ನು, ಒಂದು ಬಾಟಲಿ ಅಯೋಡಿನ್ನಿನಲ್ಲಿ ವರ್ಷ ಕಳೆಯುವುದನ್ನು ನನಗೆ ಕಲಿಸಿದವರೇ ಅವರು. ಆದರೆ ಈ ಮಾತು ನನಗೆ ನುಂಗಲಾಗಲಿಲ್ಲ. ನಾನು ಸ್ವಲ್ಪ ಹಟದವಳು, ಮನೆಯಲ್ಲೂ ಹಾಗೇ ಹೇಳುತ್ತಾರೆ. ಮಕ್ಕಳಿಗೆ "ನೀಲಿ ಹೋಗಲಿಲ್ಲ" ಎಂದೇ ಬರೆಸಿದೆ. ಮಾರನೆಯ ದಿನ ಹದವಾದ ನೀರಿನಲ್ಲಿ ಮತ್ತೆ ಮಾಡಿಸಿ, ಹೋದ ಮೇಲೆ "ಹೋಯಿತು" ಎಂದು ಬರೆಸಿದೆ. ಅಲ್ಲಿಂದ ಮುಂದೆ ಯಾವ ಕಾಲೇಜಿಗೆ ಹೋದರೂ ಮೊದಲನೆಯ ಕ್ಲಾಸಿನಲ್ಲಿ ನಾನು ಹೇಳುತ್ತಿದ್ದ ಮಾತು ಒಂದೇ: ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬರೆಯಬೇಡಿ.

ಶೃಂಗೇರಿಯಲ್ಲಿ ತಾಪತ್ರಯ ತಿರುಗಾಮುರುಗ. ಆಗಸ್ಟ್ ತಿಂಗಳ ಚಳಿ, ಕರೆಂಟಿಲ್ಲ, ನೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಚಳಿಯಲ್ಲಿ ಕಿಣ್ವ ಸಾಯುವುದಿಲ್ಲ, ಸೋಮಾರಿಯಾಗುತ್ತದೆ. ಪಿಷ್ಟ ಬಂದು ಅದಕ್ಕೆ ತಾಗುವುದೂ ನಿಧಾನ, ತಾಗಿದ ಮೇಲೆ ಕತ್ತರಿಸುವುದೂ ನಿಧಾನ. ಇಡೀ ಪೀರಿಯಡ್ ನೀಲಿ, ನೀಲಿ, ನೀಲಿ. ಮಕ್ಕಳು ಆಕಳಿಸತೊಡಗಿದರು. ಆಗ ನೆಮ್ಮಾರಿನಿಂದ ಬರುತ್ತಿದ್ದ ಒಬ್ಬ ಹುಡುಗ, "ಮೈಬಿಸಿ ಬೇಕು ಅಂದ್ರೆ ಮೈ ಇದೆಯಲ್ಲ ಮೇಡಂ" ಎಂದು ತಮಾಷೆ ಮಾಡಿದ. ತಮಾಷೆಯಾದರೂ ಮಾತು ಸರಿ. ಜ್ವರ ನೋಡಲು ಥರ್ಮಾಮೀಟರ್ ಎಲ್ಲಿ ಇಡುತ್ತಾರೆ? "ಬಾಯಿಗೆ ಬಿರಡೆ ಹಾಕಿ, ಟ್ಯೂಬನ್ನು ಕಂಕುಳಲ್ಲಿ ಇಟ್ಕೊಳ್ಳಿ" ಎಂದೆ.

ಪ್ರಿನ್ಸಿಪಾಲರು ರೌಂಡಿಗೆ ಬಂದದ್ದು ಅದೇ ಹೊತ್ತಿಗೆ. ನೋಡುತ್ತಾರೆ, ಇಡೀ ಕ್ಲಾಸು ಒಂದು ಕೈ ಕಂಕುಳಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ನಿಂತಿದೆ, ಜೊತೆಗೆ ನಾನೂ.

"ಇದೆಂತದು ಮೇಡಂ, ಎಲ್ಲರಿಗೂ ಜ್ವರವಾ?"

"ಜ್ವರ ಅಲ್ಲ ಸರ್, ಪ್ರಾಕ್ಟಿಕಲ್."

ಅವರು, "ಆಫೀಸರ್ ಯಾರಾದ್ರೂ ಬಂದಾಗ ಇದನ್ನ ಮಾತ್ರ ಮಾಡ್ಸಬೇಡಿ" ಎಂದು ಹೇಳಿ ಹೋದರು. ಆದರೆ ಆ ದಿನ ನೀಲಿ ಹೋಯಿತು. ಸ್ಟ್ಯಾಂಡಿನಲ್ಲೇ ಬಿಟ್ಟಿದ್ದ ಒಂದು ಟ್ಯೂಬು ಮಾತ್ರ ನೀಲಿಯಾಗಿಯೇ ಉಳಿದಿತ್ತು. ಅದನ್ನೂ ಮಕ್ಕಳು ಬರೆದುಕೊಂಡರು.

ಇನ್ನು ನರಸಿಂಹರಾಜಪುರದ ಕಥೆ. ಇಷ್ಟೆಲ್ಲ ಪೀಠಿಕೆ ಹಾಕಿದ್ದೇ ಅದಕ್ಕಾಗಿ.

ಅಲ್ಲಿಗೆ ಹೋಗುವಷ್ಟರಲ್ಲಿ ನನಗೆ ಪಾಠ ಹೇಳುವ ದಾರಿ ಸ್ವಲ್ಪ ಸಿಕ್ಕಿತ್ತು. ಕಿಣ್ವಕ್ಕೂ ಪಿಷ್ಟಕ್ಕೂ ಇರುವ ಸಂಬಂಧವನ್ನು ಪುಸ್ತಕ ಬೀಗ ಮತ್ತು ಕೀಲಿಕೈ ಎನ್ನುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಅಷ್ಟೇ ಬೇಗ ಮರೆಯುತ್ತಾರೆ. ನಾನು ಮೆಟ್ಟುಗತ್ತಿಯನ್ನು ಹಿಡಿದುಕೊಂಡೆ. ಅಡಿಕೆ ಸುಲಿಯುವ ಕತ್ತಿ ಅದು. ಮಣೆಗೆ ನೆಟ್ಟಗೆ ನಿಲ್ಲಿಸಿರುತ್ತಾರೆ, ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಕೂತು ಕಾಯನ್ನು ಅಲಗಿಗೆ ಒತ್ತಿದರೆ ಸಿಪ್ಪೆ ಬಿಚ್ಚುತ್ತದೆ. ಆ ಕಾಲೇಜಿನ ಅರ್ಧ ಮಕ್ಕಳಿಗೆ ಅದು ಕೈಯ ಕೆಲಸ, ಉಳಿದರ್ಧಕ್ಕೆ ಅಂಗಳದ ನೋಟ.

"ಅಡಿಕೆಕಾಯನ್ನು ಒಂದು ಮೂಲೆಗೆ ರಾಶಿ ಹಾಕಿ ಬಿಟ್ರೂ ಸಿಪ್ಪೆ ಕೊಳೆತು ಒಂದಲ್ಲ ಒಂದು ದಿನ ಬಿಡ್ತದೆ. ಆದ್ರೆ ಯಾರು ಕಾಯ್ತಾರೆ? ಕತ್ತಿಗೆ ಕೊಟ್ರೆ ಚಕ್ ಅಂತ ಬಿಡ್ತದೆ. ಕಾಯಿ ಹ್ಯಾಗ್ಹ್ಯಾಗೋ ಕೂತ್ರೆ ಆಗೋದಿಲ್ಲ, ಅಲಗಿಗೆ ಸರಿಯಾಗಿ ತಾಗಿ ಕೂರ್ಬೇಕು. ಕೂತಾಗ ಕೈಯೂ ಸ್ವಲ್ಪ ಹೊಂದ್ಕೊಳ್ತದೆ. ಸಿಪ್ಪೆ ಬಿಟ್ಟಿತು, ಅಡಿಕೆ ಆ ಕಡೆ ಹೋಯ್ತು, ಕತ್ತಿ ಇಲ್ಲೇ ಇದೆ, ಮತ್ತೊಂದು ಕಾಯಿಗೆ ತಯಾರು. ಕಿಣ್ವ ಅಂದ್ರೆ ಇಷ್ಟೇ. ಅದರ ಮೈಯಲ್ಲೊಂದು ಹಳ್ಳ ಇದೆ, ಪಿಷ್ಟ ಬಂದು ಅಲ್ಲಿ ಕೂರ್ತದೆ, ತುಂಡಾಗಿ ಎದ್ದು ಹೋಗ್ತದೆ."

"ಕತ್ತಿ ಮೊಂಡಾಗ್ತದಲ್ಲ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಅವಳೇ ಪ್ರೇಮಾ.

"ಕಿಣ್ವವೂ ಹಳತಾಗ್ತದೆ. ನಮ್ಮ ಮೈ ಬೇರೆ ಹೊಸತನ್ನ ಮಾಡ್ಕೊಳ್ತದೆ" ಎಂದೆ. ಪ್ರಶ್ನೆ ನನಗೆ ಇಷ್ಟವಾಯಿತು.

ಪ್ರೇಮಾಳ ಅಮ್ಮ ಲಲಿತಾ ತೋಟದ ಕೂಲಿ ಕೆಲಸದವಳು. ಕೊಯ್ಲಿನ ಕಾಲದಲ್ಲಿ ಅಮ್ಮ, ಮಗಳು ಇಬ್ಬರೂ ಹತ್ತಿರದ ಒಂದು ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಬೆಳಿಗ್ಗೆ ಸುಲಿದು ಕೈ ತೊಳೆದು ಕಾಲೇಜಿಗೆ ಓಡಿ ಬರುವುದು. ಎಷ್ಟು ತೊಳೆದರೂ ಅವಳ ಬೆರಳ ತುದಿಯ ಕಪ್ಪು ಹೋಗುತ್ತಿರಲಿಲ್ಲ. ಆ ಮನೆಯ ಮೊಮ್ಮಗಳು ಸಿಂಧು ಅದೇ ಕ್ಲಾಸಿನಲ್ಲಿ ಮುಂದಿನ ಬೆಂಚು. ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಬಸ್ಸಿನಲ್ಲಿ ಮಾತೂ ಇತ್ತು. ಒಂದು ಸಲ ಕಾರ್ಯನಿಮಿತ್ತ ನಾನು ಆ ಮನೆಗೆ ಹೋದಾಗ ಜಗಲಿಯ ತುದಿಯಲ್ಲಿ ಎರಡು ಸ್ಟೀಲಿನ ಲೋಟ ಬೇರೆಯಾಗಿ ಕವುಚಿಟ್ಟಿದ್ದು ಕಂಡೆ. ಯಾರದ್ದೆಂದು ಕೇಳಬೇಕಾಗಿರಲಿಲ್ಲ.

ಮೊದಮೊದಲು ನಾನು ಲ್ಯಾಬಿನಲ್ಲಿ ಯಾರಾದರೊಬ್ಬರ ಜೊಲ್ಲನ್ನು ನೀರು ಸೇರಿಸಿ, ಸೋಸಿ, ಇಡೀ ಬ್ಯಾಚಿಗೆ ಹಂಚುತ್ತಿದ್ದೆ. ಎಲ್ಲ ಕಡೆ ಮಾಡುವುದೂ ಹಾಗೆಯೇ. ಒಂದು ದಿನ ಸಿಂಧುವಿನ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಸ್ಟಾಫ್ ರೂಮಿಗೇ ಬಂದರು.

"ಎಂತ ಮೇಡಂ, ನಮ್ಮ ಕೂಸಿನ ಹತ್ರ ಊರವರ ಎಂಜಲು ಮುಟ್ಟಿಸ್ತೀರಂತೆ, ಹೌದಾ?"

"ಪಾಠ ಅಮ್ಮ ಅದು. ಟ್ಯೂಬಲ್ಲಿ ಇರ್ತದೆ, ಕೈಗೆ ತಾಗೋದಿಲ್ಲ."

"ಟ್ಯೂಬಲ್ಲಿ ಇದ್ರೂ ಎಂಜಲು ಎಂಜಲೇ. ಓದ್ಲಿ, ಬೇಡ ಹೇಳೋದಿಲ್ಲ. ಎಂಜಲು ಬೇಕೇ ಬೇಕು ಅಂದ್ರೆ ಅದ್ರದ್ದೇ ತಗೊಳ್ಲಿ. ಬೇರೆಯವರದ್ದು ಎಂತಕ್ಕೆ?"

ನನಗೆ ಸಿಟ್ಟು ಬಂತು. ಆದರೆ ಪ್ರಿನ್ಸಿಪಾಲರ ಕಿವಿಗೂ ಮಾತು ಬಿದ್ದಿತ್ತು. "ಸಣ್ಣ ವಿಷಯ ಮೇಡಂ, ದೊಡ್ಡದು ಮಾಡ್ಬೇಡಿ" ಅಂದರು. ಕೊನೆಗೆ ನಾನೇ ಒಂದು ನಿಯಮ ಮಾಡಿದೆ: ಅವರವರ ಎಂಜಲು ಅವರವರಿಗೆ. ಪ್ರತಿಯೊಬ್ಬರೂ ಸ್ವಂತ ಜೊಲ್ಲು, ಸ್ವಂತ ಟ್ಯೂಬು. ಅಜ್ಜಿಗೂ ಸಮಾಧಾನ, ಮಕ್ಕಳಿಗೂ ಸಂಕೋಚ ಕಡಿಮೆ. ಶುಚಿತ್ವಕ್ಕೂ ಒಳ್ಳೆಯದೇ ಎಂದು ನನಗೆ ನಾನೇ ಹೇಳಿಕೊಂಡೆ. ಆ ವರ್ಷವೆಲ್ಲ ನಿಯಮ ಯಾರಿಗೂ ತೊಂದರೆ ಮಾಡಲಿಲ್ಲ.

ಪ್ರೇಮಾ, ಸಿಂಧು ಕೊನೆಯ ವರ್ಷಕ್ಕೆ ಬಂದರು. ಪ್ರಾಕ್ಟಿಕಲ್ ಪರೀಕ್ಷೆಗೆ ಸ್ವಲ್ಪ ದಿನ ಮುಂಚೆ ಲಲಿತಾ ಕಾಲೇಜಿನ ಗೇಟಿನ ಹತ್ತಿರ ನನಗಾಗಿ ಕಾದಿದ್ದಳು.

"ಮೇಡಮ್ಮಾ, ಇವಳು ನರ್ಸ್ ಆಗ್ತೇನೆ ಅಂತಾಳೆ. ನನ್ನ ತಮ್ಮ ಇವಳು ಓದಿದ್ದು ಸಾಕು ಅಂತ ಕೂತಿದ್ದಾನೆ. ಇದೊಂದು ಸಲ ನೋಡುವ ಅಂತ ಒಪ್ಸಿದ್ದೇನೆ. ಫೇಲ್ ಆದ್ರೆ ನನ್ನ ಜೊತೆ ಕೆಲಸಕ್ಕೆ ಬರ್ಬೇಕು, ಇಲ್ಲಾಂದ್ರೆ ಮದುವೆ. ಎರಡನೇ ಸಲ ಕೂರ್ಲಿಕ್ಕೆ ಬಿಡೋದಿಲ್ಲ ಅವ್ನು."

"ಫೇಲ್ ಯಾಕಾಗ್ತಾಳೆ? ಚೆನ್ನಾಗಿ ಓದ್ತಾಳೆ" ಎಂದೆ.

ಪರೀಕ್ಷೆಯ ದಿನ. ಬೇರೆ ಊರಿನ ಕಾಲೇಜಿನಿಂದ ಬರುವ ಪರೀಕ್ಷಕರನ್ನು ನಾವು ಎಕ್ಸ್‌ಟರ್ನಲ್ ಎನ್ನುತ್ತೇವೆ. ಆ ಸಲ ಬಂದವರು ನಡುವಯಸ್ಸಿನವರು, ಮಾತು ಕಡಿಮೆ, ಜೇಬಿನಲ್ಲಿ ಕವಳದ ಡಬ್ಬಿ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಎಲ್ಲ ಅದರಲ್ಲಿ. ಒಳಗಿನ ಪರೀಕ್ಷಕಿ ನಾನು. ಮಕ್ಕಳು ಚೀಟಿ ಎತ್ತಿದರು, ಆ ಬ್ಯಾಚಿನಲ್ಲಿ ನಾಲ್ಕೈದು ಜನಕ್ಕೆ ಜೊಲ್ಲಿನ ಪ್ರಯೋಗ ಬಂತು. ಪ್ರೇಮಾಳಿಗೂ ಅದೇ. ಸಿಂಧುವಿಗೆ ಬೇರೆ ಯಾವುದೋ.

ಉಳಿದವರ ಟೈಲಿನ ಮೇಲೆ ಒಂದೊಂದಾಗಿ ನೀಲಿ ಹೋಗುತ್ತ ಬಂತು. ಪ್ರೇಮಾಳ ಟೈಲಿನ ಮೇಲೆ ಮೊದಲ ಹನಿ ನೀಲಿ, ಎರಡನೆಯದು ನೀಲಿ, ಕೊನೆಯ ಸಾಲಿನದೂ ನೀಲಿ. ನೀರಿನ ಬಿಸಿ ನಾನೇ ನೋಡಿದ್ದೆ, ಸರಿ ಇತ್ತು. ಪಕ್ಕದವಳು ತಲೆ ತಗ್ಗಿಸಿಕೊಂಡೇ, "ಹೋಯ್ತು ಅಂತ ಬರಿಯೇ" ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಪ್ರೇಮಾ ಟೈಲನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಬರೆದಳು: ನೀಲಿ ಬಣ್ಣ ಹೋಗಲಿಲ್ಲ.

ಎಕ್ಸ್‌ಟರ್ನಲ್ ಅದನ್ನು ಓದಿ ನನ್ನ ಕಡೆ ತಿರುಗಿದರು. "ಮೇಡಂ, ಇವಳಿಗೆ ಪ್ರಯೋಗ ಬಂದಿಲ್ಲ. ಬಂದಿಲ್ಲ ಅಂತ ಅವಳೇ ಬರ್ಕೊಟ್ಟಿದ್ದಾಳೆ. ನಾನು ಎಲ್ಲಿಂದ ಮಾರ್ಕ್ಸ್ ಹಾಕ್ಲಿ?"

ಇದರ ಅಂಕ ಹೋದರೆ ಪ್ರಾಕ್ಟಿಕಲ್ ಹೋಯಿತು, ಪ್ರಾಕ್ಟಿಕಲ್ ಹೋದರೆ ವರ್ಷ ಹೋಯಿತು, ವರ್ಷ ಹೋದರೆ ಅವಳ ಮಾವ ಕಾದುಕೊಂಡೇ ಕೂತಿದ್ದಾನೆ. ಸುಳ್ಳು ಬರೆದವರೆಲ್ಲ ಪಾಸಾಗುವ ಊರಿನಲ್ಲಿ ನನ್ನ ಮಾತು ಕೇಳಿ ಕಂಡದ್ದನ್ನು ಬರೆದವಳು ಫೇಲಾಗುವುದೆಂದರೆ ನಾನು ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಏನು ಅರ್ಥ? "ಸರ್, ಮೌಖಿಕ ಪ್ರಶ್ನೆ ಬಾಕಿ ಇದೆ. ಇದನ್ನೇ ಕೇಳುವ" ಎಂದೆ. ಅವರು ಆಗಲಿ ಎಂದರು.

"ಪ್ರೇಮಾ, ಕಿಣ್ವದ ಕೆಲಸ ಯಾವಾಗ ನಿಲ್ತದೆ?"

"ಕುದಿಸಿದ್ರೆ ನಿಲ್ತದೆ ಮೇಡಂ. ಆಸಿಡ್ ಬಿದ್ರೆ ನಿಲ್ತದೆ. ಚಳಿಗೆ ನಿಧಾನ ಆಗ್ತದೆ. ಮತ್ತೆ..." ಅವಳು ತನ್ನ ಟೈಲಿನ ಕಡೆ ನೋಡಿದಳು. "ಪಿಷ್ಟ ಕೂರುವ ಹಳ್ಳಕ್ಕೆ ಬೇರೆ ಎಂತಾದ್ರೂ ಬಂದು ಅಂಟಿಕೊಂಡ್ರೆ."

"ನಿಂದ್ರಲ್ಲಿ ಯಾವುದು?"

ಹೆದರಿದಾಗ ಮಕ್ಕಳು ಬೆರಳು ನೋಡಿಕೊಳ್ಳುತ್ತಾರಲ್ಲ, ಹಾಗೆ ತನ್ನ ಕಪ್ಪು ಬೆರಳುಗಳನ್ನು ನೋಡಿಕೊಂಡಳು. ನೋಡುತ್ತ ನೋಡುತ್ತ ಮುಖ ಬದಲಾಯಿತು.

"ಚೊಗರು" ಎಂದಳು. "ಬೆಳಿಗ್ಗೆ ಸುಲೀಲಿಕ್ಕೆ ಕೂತಾಗಿಂದ ಅಡಿಕೆ ಜಗೀತಿದ್ದೆ. ಹೆದರಿಕೆ ಆಗ್ತಿತ್ತು. ಬಸ್ಸಲ್ಲೂ ದವಡೆಯಲ್ಲಿ ಒಂದು ಹೋಳು ಇತ್ತು. ಲ್ಯಾಬಿನ ಬಾಗಿಲ ಹತ್ರ ಉಗಿದು ಬಾಯಿ ಮುಕ್ಕಳಿಸಿದೆ ಸರ್. ಆದ್ರೆ ಬಾಯಿ ಇನ್ನೂ ಒಗರೇ ಇದೆ."

ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಒಗರು ರಸಕ್ಕೆ ಚೊಗರು ಎನ್ನುತ್ತಾರೆ. ಹಸಿ ಅಡಿಕೆಯಲ್ಲಿ ಅದು ಹಾಗೇ ತುಂಬಿರುತ್ತದೆ, ಸುಲಿಯುವವರ ಕೈ ಕಪ್ಪಾಗುವುದೂ ಅದರಿಂದಲೇ. ಅದರ ಸ್ವಭಾವವೇ ಪ್ರೋಟೀನಿಗೆ ಅಂಟಿಕೊಳ್ಳುವುದು. ಚರ್ಮ ಹದ ಮಾಡುವುದು ಇಂಥ ಒಗರಿನಿಂದಲೇ. ಬಾಯಿ ಒಗರಾಗಿ ನಾಲಿಗೆ ಬಿಗಿಯುತ್ತದಲ್ಲ, ಅದೂ ಜೊಲ್ಲಿನ ಪ್ರೋಟೀನಿಗೆ ಈ ಚೊಗರು ಅಂಟಿಕೊಂಡ ಗುರುತು. ಕಿಣ್ವವೂ ಪ್ರೋಟೀನೇ, ಅದನ್ನು ಮಾತ್ರ ಬಿಡುತ್ತದೆಯೇ? ಅಲಗಿಗೆ ಅಂಟು ಮೆತ್ತಿದರೆ ಕಾಯಿ ಎಲ್ಲಿ ಕೂರಬೇಕು? ನನಗೆ ಇದು ಹೊಳೆದಿರಲಿಲ್ಲ. ಅವಳು ಹೇಳಿದ ಮೇಲೆ ಹೊಳೆಯಿತು.

ಎಕ್ಸ್‌ಟರ್ನಲ್ ನಕ್ಕರು. "ಅಲ್ಲಮ್ಮಾ, ಊಟ ಆದ್ಮೇಲೆ ಜೀರ್ಣಕ್ಕೆ ಅಂತ್ಲೇ ನಾವು ಕವಳ ಹಾಕೋದು. ನೀನು ನೋಡಿದ್ರೆ ಅಡಿಕೆ ಕೆಲಸ ನಿಲ್ಲಿಸ್ತದೆ ಅಂತೀಯಲ್ಲ!"

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಸರ್, ಕವಳ ನಿಮ್ಮ ಬಾಯಲ್ಲೇ ಇದೆ. ನಿಮ್ಮದೂ ಒಂದು ಟ್ಯೂಬು ಇಟ್ಟು ನೋಡುವನಾ?"

ಎಕ್ಸ್‌ಟರ್ನಲ್‌ಗೆ ಉಗಿಯಿರಿ ಎಂದು ಹೇಳಿದ ಉಪನ್ಯಾಸಕಿ ನಮ್ಮ ಕಡೆ ಬಹುಶಃ ನಾನೊಬ್ಬಳೇ ಇರಬೇಕು. ಅವರು ನನ್ನನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿದರು. ಪುಣ್ಯಾತ್ಮರು, ಎದ್ದು ಹೊರಗೆ ಹೋಗಿ, ಕವಳ ಉಗಿದು, ಬಾಯಿ ತೊಳೆದು ಬಂದು ಒಂದು ಟ್ಯೂಬಿಗೆ ಜೊಲ್ಲು ಕೊಟ್ಟೇಬಿಟ್ಟರು. ಕಾದೆವು. ಅವರದ್ದೂ ನೀಲಿ ಹೋಗಲಿಲ್ಲ.

ಈಗ ಅವರಿಗೆ ನಿಜವಾಗಿಯೂ ಕುತೂಹಲ ಹತ್ತಿತು. "ನಂದ್ರಲ್ಲಿ ಸುಣ್ಣ ಇದೆ, ಹೊಗೆಸೊಪ್ಪು ಇದೆ. ಅಡಿಕೆಯದ್ದೇ ಕೆಲಸ ಅಂತ ಹೇಗೆ ಹೇಳೋದು?" ಅಂದರು. ಒಳ್ಳೆಯ ಪ್ರಶ್ನೆ, ಒಪ್ಪಲೇಬೇಕು. "ಒಂದು ಕೆಲಸ ಮಾಡ್ಲಿ. ಅಡಿಕೆ ತಿನ್ನದವರ ಜೊಲ್ಲು ತಗೊಂಡು, ಬರೀ ಅಡಿಕೆ ನೀರು ಹಾಕಿ ಒಂದು, ಹಾಕದೆ ಒಂದು, ಮಾಡಿ ತೋರಿಸ್ಲಿ. ಟೈಮ್ ಮುಗಿಯೋದ್ರೊಳಗೆ ಆಗ್ಬೇಕು. ಮತ್ತೆ ನೀವು ಕೊಡ್ಬೇಡಿ ಮೇಡಂ. ಇಂಟರ್ನಲ್ ಸಹಾಯ ಮಾಡಿದ್ರು ಅಂತ ಮಾತು ಬರ್ತದೆ."

ಡಬ್ಬಿಯಿಂದ ಒಂದು ಅಡಿಕೆ ಹೋಳು ತೆಗೆದು ಅವರೇ ಕೊಟ್ಟರು. ಪ್ರೇಮಾ ಅದನ್ನು ಜಜ್ಜಿ ಬಿಸಿನೀರಿಗೆ ಹಾಕಿದಳು. ಇನ್ನು ಬೇಕಾದ್ದು ಜೊಲ್ಲು.

ಯಾರೂ ಏಳಲಿಲ್ಲ. ಪ್ರೇಮಾ ಯಾರನ್ನೂ ಕೇಳಲೂ ಇಲ್ಲ. ಕೇಳುವುದು ಹೇಗೆ? ಈ ಲ್ಯಾಬಿನಲ್ಲಿ ಬೇರೆಯವರ ಎಂಜಲನ್ನು ಮುಟ್ಟುವುದು ಕೂಡದು ಎಂದು ಕಲಿಸಿದವಳು ನಾನೇ. ಹಿಂದಿನ ಹಾಗೆ ಒಂದೇ ಬೀಕರಿನಿಂದ ಹಂಚಿದ್ದರೆ ಪ್ರೇಮಾಳ ಅಡಿಕೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ, ಇಷ್ಟು ಹೊತ್ತಿಗೆ ಅವಳು ಪಾಸಾಗಿ ಬಸ್ಸು ಹತ್ತಿರುತ್ತಿದ್ದಳು. ನನ್ನ ನಿಯಮ ಹೋಗಿ ಹೋಗಿ ಅವಳ ಕುತ್ತಿಗೆಗೇ ಬಂದಿತ್ತು. ಗಡಿಯಾರ ನೋಡಿದೆ. ಮಕ್ಕಳೆಲ್ಲ ತಮ್ಮ ತಮ್ಮ ಟ್ಯೂಬು ನೋಡುತ್ತ ನಿಂತಿದ್ದರು.

ಆಚೆ ಬೆಂಚಿನಲ್ಲಿ ಸ್ಟೂಲು ಸರಿದ ಸದ್ದಾಯಿತು. ಸಿಂಧು ತನ್ನ ಪ್ರಯೋಗ ಮುಗಿಸಿ ಪೇಪರು ಕೊಟ್ಟಾಗಿತ್ತು. ಅಲ್ಲಿಂದ ಎದ್ದು ಬಂದು ಪ್ರೇಮಾಳ ಕೈಯಿಂದ ಜೊಲ್ಲು ಹಿಡಿಯುವ ಫನಲ್ ತೆಗೆದುಕೊಂಡಳು.

"ನಂದು ತಗೋ" ಎಂದಳು. "ನಾನು ಬೆಳಿಗ್ಗೆ ಎರಡು ದೋಸೆ ತಿಂದದ್ದು ಬಿಟ್ರೆ ಬೇರೆ ಎಂತದೂ ಇಲ್ಲ."

"ನಿಮ್ಮ ಅಜ್ಜಿ..." ಎಂದಳು ಪ್ರೇಮಾ.

"ಅಜ್ಜಿ ಪರೀಕ್ಷೆಗೆ ಕೂತಿದಾರಾ? ಬೇಗ ಹಿಡಿ, ಟೈಮಿಲ್ಲ."

ಬಾಯಿ ಮುಕ್ಕಳಿಸಿ ಬಂದು ಎಲ್ಲರೆದುರು ಉಗಿದು ಕೊಟ್ಟಳು. ಪ್ರೇಮಾ ಅದಕ್ಕೆ ನೀರು ಸೇರಿಸಿ ಹತ್ತಿಯಲ್ಲಿ ಸೋಸಿದಳು. ಒಂದು ಟ್ಯೂಬಿಗೆ ಬರೀ ಜೊಲ್ಲು, ಇನ್ನೊಂದಕ್ಕೆ ಜೊಲ್ಲು ಮತ್ತು ಒಂದೆರಡು ಹನಿ ಅಡಿಕೆ ನೀರು. ಆಮೇಲೆ ಯಾರೂ ಹೇಳದೆ ಮೂರನೆಯದೊಂದು ಇಟ್ಟಳು, ಅದರಲ್ಲಿ ಅಡಿಕೆ ನೀರು ಮಾತ್ರ, ಜೊಲ್ಲಿಲ್ಲ. ಮೂರಕ್ಕೂ ಗಂಜಿ ಹಾಕಿದಳು.

"ಇದು ಎಂತಕ್ಕೆ?" ಎಂದರು ಎಕ್ಸ್‌ಟರ್ನಲ್.

"ಅಡಿಕೆಯೇ ಅಯೋಡಿನ್ ಬಣ್ಣ ಕೆಡಿಸ್ತದಾ ಅಂತ ಗೊತ್ತಾಗ್ಬೇಕಲ್ಲ ಸರ್. ಮೇಡಂ ಒಂದ್ಸಲ ಹೇಳಿದ್ರು, ಒಗರು ಜಾಸ್ತಿಯಾದ್ರೆ ಅಯೋಡಿನ್ನನ್ನೂ ನುಂಗ್ತದೆ ಅಂತ."

ಅವರು ತಲೆಯಾಡಿಸಿ ಸ್ಟೂಲು ಎಳೆದುಕೊಂಡು ಅವಳ ಟೈಲಿನ ಮುಂದೆಯೇ ಕೂತರು. ಮೊದಲ ಸಾಲು, ಮೂರೂ ನೀಲಿ. ಎರಡನೆಯ ಸಾಲು, ಮೂರೂ ನೀಲಿ. ಹೊರಗೆ ಮುಂದಿನ ಬ್ಯಾಚಿನ ಮಕ್ಕಳ ಗಲಾಟೆ ಕೇಳಿಸತೊಡಗಿತು. ಮೂರನೆಯ ಸಾಲಿನಲ್ಲಿ ಬರೀ ಜೊಲ್ಲಿನ ಹನಿ ನೇರಳೆಗೆ ತಿರುಗಿತು, ಆಮೇಲೆ ಕಂದು. ಅದರ ಮುಂದಿನ ಹನಿ ಬಿದ್ದಾಗ ನೀಲಿಯ ಸುಳಿವೇ ಇಲ್ಲ, ತಿಳಿ ಹಳದಿ. ಉಳಿದೆರಡು ಶಾಯಿ ಚೆಲ್ಲಿದ ಹಾಗೆ ನೀಲಿಯಾಗಿಯೇ ನಿಂತಿದ್ದವು. ಸಂಜೆವರೆಗೆ ಬಿಟ್ಟಿದ್ದರೆ ಎರಡನೆಯದೂ ನಿಧಾನವಾಗಿ ಹೋಗುತ್ತಿತ್ತೋ ಏನೋ, ಅಷ್ಟು ಹೊತ್ತು ನಮಗಿರಲಿಲ್ಲ.

ಎಕ್ಸ್‌ಟರ್ನಲ್ ಟೈಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನಾನು ಇಷ್ಟು ವರ್ಷ ಪರೀಕ್ಷೆ ತಗೊಂಡಿದ್ದೇನೆ ಮೇಡಂ, ಪ್ರಯೋಗ ನೋಡಿದ್ದು ಇವತ್ತೇ" ಎಂದರು. ಪ್ರೇಮಾ ಮೊದಲು ಬರೆದ ಸಾಲನ್ನು ಹೊಡೆದು ಹಾಕಲು ಹೊರಟಳು. ಅವರೇ ತಡೆದರು. "ಅದು ಇರ್ಲಿ. ಅದ್ರ ಕೆಳಗೆ ಇದನ್ನೂ ಬರಿ." ಬರೆದಾದ ಮೇಲೆ ಅಂಕ ಹಾಕಿದರು, ನಾನು ಸಹಿ ಹಾಕಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅಯೋಡಿನ್ ವಾಸನೆಗೆ ಎಂದು ಮಕ್ಕಳಿಗೆ ಹೇಳಿದೆ, ಯಾರೂ ನಂಬಲಿಲ್ಲ.

ಪ್ರೇಮಾ ಪಾಸಾದಳು, ನರ್ಸಿಂಗ್‌ಗೆ ಹೋದಳು. ಮಾರನೆಯ ವರ್ಷ ನಾನು ನಿಯಮ ತೆಗೆದು ಹಾಕಿ, ಮೊದಲಿನ ಹಾಗೆ ಒಂದೇ ಬೀಕರು ಇಟ್ಟೆ. ಯಾರ ಮನೆಯವರು ಬಂದರೂ ಉತ್ತರ ಹೇಳಲು ತಯಾರಾಗಿದ್ದೆ, ಯಾರೂ ಬರಲಿಲ್ಲ. ಆಮೇಲೆ ಕೊರೊನಾ ಬಂತು, ಯಾರ ಎಂಜಲೂ ಬೇಡ ಎಂದಾಯಿತು. ಬಾಟಲಿಯಲ್ಲಿ ಕಿಣ್ವದ ಪುಡಿ ಬಂತು, ಈಗ ವಿಡಿಯೋ ಬಂದಿದೆ. ಪುಡಿಗೆ ನನ್ನ ತಕರಾರಿಲ್ಲ. ವಿಡಿಯೋದ ಬಗ್ಗೆ ಹೇಳುವುದಿಷ್ಟೇ: ಅದರಲ್ಲಿ ನೀಲಿ ಯಾವಾಗಲೂ ಹೋಗುತ್ತದೆ. ಹೋಗದಿದ್ದಾಗ ಏನು ಮಾಡಬೇಕೆಂದು ಅದು ಮಕ್ಕಳಿಗೆ ಹೇಳಿಕೊಡುವುದಿಲ್ಲ.

ಆ ದಿನದ್ದು ಇನ್ನೊಂದು ಹೇಳದಿದ್ದರೆ ಬರೆದದ್ದು ಮುಗಿಯುವುದಿಲ್ಲ. ಪರೀಕ್ಷೆ ಮುಗಿಸಿ ನಾನು ಹೊರಗೆ ಬಂದಾಗ ಲಲಿತಾ ಗೇಟಿನ ಹತ್ತಿರ ನಿಂತಿದ್ದಳು. "ಆಯ್ತಾ ಮೇಡಮ್ಮಾ?" ಎಂದಳು. "ಆಯ್ತು" ಎಂದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪ್ರೇಮಾ ಮತ್ತು ಸಿಂಧು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಪ್ರೇಮಾಳ ತುಟಿ ಒಣಗಿ ಬಿಳಿಚಿಕೊಂಡಿತ್ತು. ಸಿಂಧು ಬ್ಯಾಗಿನಿಂದ ತನ್ನ ನೀರಿನ ಬಾಟಲಿ ತೆಗೆದು ಕೊಟ್ಟಳು. ಪ್ರೇಮಾ ಮುಚ್ಚಳ ಬಿಚ್ಚಿ, ತುಟಿಗೆ ತಾಗದ ಹಾಗೆ ಬಾಟಲಿಯನ್ನು ಮೇಲೆತ್ತಿ ಬಾಯಿ ತೆರೆದಳು. ಅವಸರಕ್ಕೆ ನೀರೆಲ್ಲ ಕುತ್ತಿಗೆ ಮೇಲೆ ಹೋಯಿತು.

"ಕಚ್ಚಿ ಕುಡಿಯೇ ಮಾರಾಯ್ತಿ" ಎಂದಳು ಸಿಂಧು. "ನನ್ನ ಎಂಜಲಲ್ಲೇ ಪಾಸಾಗಿದ್ದೀಯ. ಇನ್ನೆಂತ ಎತ್ತಿ ಕುಡಿಯೋದು?"

ಪ್ರೇಮಾ ಒಂದು ಸಲ ಅಮ್ಮನ ಕಡೆ ನೋಡಿದಳು. ಆಮೇಲೆ ಬಾಟಲಿಯನ್ನು ತುಟಿಗೆ ಇಟ್ಟು, ಖಾಲಿಯಾಗುವವರೆಗೆ ಕುಡಿದಳು.